ಹೊಸದಾಗಿ ಜೋಡಿಸಿದ ಕಂಪ್ಯೂಟರ್ ಆನ್ ಆಗುತ್ತಿಲ್ಲವೇ? ಪಾರ್ಸೆಲ್ ಕಟ್ಟುವ ಮುಂಚೆ ಇಷ್ಟು ನೋಡಿ

ಬಿಡಿಭಾಗ ತರಿಸಿ ಮನೆಯಲ್ಲೇ ಕಂಪ್ಯೂಟರ್ ಜೋಡಿಸುವುದು ಅಂಥ ಕಷ್ಟದ ಕೆಲಸವಲ್ಲ. ಸ್ಕ್ರೂಡ್ರೈವರ್ ಹಿಡಿಯಲು ಬಂದರೆ ಸಾಕು. ಕಷ್ಟ ಶುರುವಾಗುವುದು ಬಟನ್ ಒತ್ತಿದ ಮೇಲೆ ಏನೂ ಆಗದೆ ಸುಮ್ನೆ ಕೂತಾಗ. ಬೆಂಗಳೂರಿನವರಾದರೆ ಎಸ್.ಪಿ. ರೋಡಿಗೆ ಹೊತ್ತುಕೊಂಡು ಹೋಗಿ, ಬೇರೆ ರ‍್ಯಾಮ್ ಹಾಕಿಸಿ, ಬೇರೆ ಪವರ್ ಸಪ್ಲೈ ಹಾಕಿಸಿ, ಸಂಜೆಯೊಳಗೆ ಯಾವುದು ಕೆಟ್ಟಿದೆ ಅಂತ ತಿಳಿದುಕೊಂಡು ಬರುತ್ತಾರೆ. ಕೊಡಗಿನಲ್ಲಿ ಆ ಅನುಕೂಲ ಇಲ್ಲ. ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪದ ಅಂಗಡಿಗಳಲ್ಲಿ ಪ್ರಿಂಟರ್ ಇಂಕು, ಮೌಸು, ಚಾರ್ಜರ್ ಸಿಗುತ್ತವೆ. ಎಎಂಡಿ ಕಂಪನಿಯ ಹೊಸ ಪ್ರೊಸೆಸರ್ ಕೂರುವ ಎಎಂ5 ಮದರ್‌ಬೋರ್ಡ್ ಒಂದನ್ನು ಹಾಕಿ ನೋಡಿ ಕೊಡುತ್ತೇನೆ ಅಂದರೆ ಯಾರು ಕೊಡುತ್ತಾರೆ? ಜಿಲ್ಲೆಗೆ ರೈಲೂ ಇಲ್ಲ. ಕಳಿಸುವುದಾದರೆ ಬಸ್ಸಿನಲ್ಲೋ ಕೊರಿಯರ್‌ನಲ್ಲೋ ಹೋಗಬೇಕು, ಮಳೆಗಾಲದಲ್ಲಿ ಎಲ್ಲೋ ಗುಡ್ಡ ಜರಿದರೆ ಅದೂ ತಡ.

ಹಾಗಾಗಿ ಇಲ್ಲಿರುವವರಿಗೆ ಒಂದೇ ದಾರಿ. ಯಾವ ಭಾಗ ಕೆಟ್ಟಿದೆ ಅಂತ ಖಾತ್ರಿಯಾಗುವ ತನಕ ಯಾವುದನ್ನೂ ವಾಪಸ್ ಕಳಿಸಬೇಡಿ. ಹೊಸ ಕಂಪ್ಯೂಟರ್ ಏಳದಿದ್ದಾಗ ಜಾಸ್ತಿ ಸಲ ಯಾವ ಭಾಗವೂ ಕೆಟ್ಟಿರುವುದೇ ಇಲ್ಲ. ಎಲ್ಲೋ ಒಂದು ವೈರ್ ಪೂರ್ತಿ ಕೂತಿರುವುದಿಲ್ಲ, ಅಥವಾ ಮನೆಯ ಕರೆಂಟೇ ಸರಿ ಇರುವುದಿಲ್ಲ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ನೋಡಿ. ಮೂರು ಬದಲಾವಣೆ ಒಟ್ಟಿಗೆ ಮಾಡಿ ಅದು ಆನ್ ಆಗಿಬಿಟ್ಟರೆ ಯಾವುದರಿಂದ ಸರಿಯಾಯಿತು ಅಂತಲೇ ಗೊತ್ತಾಗುವುದಿಲ್ಲ, ಆಮೇಲೆ ಮತ್ತೆ ಕೈಕೊಟ್ಟಾಗ ಎಲ್ಲಾ ಮೊದಲಿಂದ.

ಮೊದಲು ಗೋಡೆ ಕಡೆ ನೋಡಿ

ಎಲ್ಲರೂ ಪೆಟ್ಟಿಗೆ ಬಿಚ್ಚುವುದರಿಂದ ಶುರು ಮಾಡುತ್ತಾರೆ. ನಮ್ಮ ಕಡೆ ಸಾಕೆಟ್ಟಿನಿಂದ ಶುರು ಮಾಡುವುದು ಒಳ್ಳೆಯದು. ಪವರ್ ಸಪ್ಲೈ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ, ಗೆರೆ ಇರುವ ಕಡೆ ಒತ್ತಿದರೆ ಆನ್, ಸೊನ್ನೆ ಇರುವ ಕಡೆ ಆಫ್. ನಗಬೇಡಿ, ಇದನ್ನು ಮರೆಯುವವರು ಬಹಳ ಜನ. ಎಕ್ಸ್‌ಟೆನ್ಷನ್ ಬೋರ್ಡ್ ಬಿಟ್ಟು ನೇರ ಗೋಡೆಗೆ ಹಾಕಿ ನೋಡಿ. ಸಾಕೆಟ್ ಸರಿ ಇದೆಯಾ ಅಂತ ಫೋನ್ ಚಾರ್ಜರ್ ಹಾಕಿ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಏಕೆಂದರೆ ಚಾರ್ಜರಿಗೆ ಬೇಕಾದ ಕರೆಂಟ್ ಅತ್ಯಲ್ಪ, 100 ವೋಲ್ಟ್ ಬಂದರೂ ಅದು ಕೆಲಸ ಮಾಡುತ್ತದೆ. ಇಸ್ತ್ರಿಪೆಟ್ಟಿಗೆ ಹಾಕಿ ನೋಡಿ. ಸಾಕೆಟ್ ಒಳಗೆ ಚಟಚಟ ಸದ್ದು ಬಂದರೆ, ಪ್ಲಗ್ ಬಿಸಿಯಾದರೆ, ಆ ಸಾಕೆಟ್ ಬದಲಿಸಬೇಕು.

ಇನ್ನು ವೋಲ್ಟೇಜ್. ಬರಬೇಕಾದ್ದು 230. ಲೈನಿನ ತುದಿಯಲ್ಲಿರುವ ತೋಟದ ಮನೆಗಳಲ್ಲಿ ಸಂಜೆ ಎಷ್ಟು ಬರುತ್ತದೆ ಅಂತ ನಿಮಗೇ ಗೊತ್ತು. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆ ನೀರು ಕೊಡಲು ಸುತ್ತಮುತ್ತ ಸ್ಪ್ರಿಂಕ್ಲರ್ ಮೋಟಾರುಗಳು ಒಟ್ಟಿಗೆ ಓಡಲು ಶುರುವಾದರೆ ಬಲ್ಬೇ ಮಂಕಾಗುತ್ತದೆ. ಈಗ ಪವರ್ ಸಪ್ಲೈ ಮೈಮೇಲಿನ ಲೇಬಲ್ ಓದಿ. ಇನ್‌ಪುಟ್ ಅಂತ ಇರುವಲ್ಲಿ 100–240 ಅಂತಿದ್ದರೆ 160 ವೋಲ್ಟಿಗೂ ಅದು ಹೆದರುವುದಿಲ್ಲ. 200–240 ಅಂತ ಮಾತ್ರ ಇದ್ದರೆ, ವೋಲ್ಟೇಜ್ ಇಳಿದಾಗ ಅದು ಏಳುವುದೇ ಇಲ್ಲ, ಎದ್ದರೂ ಗೇಮ್ ಶುರು ಮಾಡಿದ ತಕ್ಷಣ ಬೀಳುತ್ತದೆ. ಅಗ್ಗದ ಪವರ್ ಸಪ್ಲೈಗಳಲ್ಲಿ ಈ ಎರಡನೇ ಜಾತಿಯವು ಇರುತ್ತವೆ. ಬೆಳಗ್ಗೆ ಆನ್ ಆಗುತ್ತದೆ, ಸಂಜೆ ಆಗುವುದಿಲ್ಲ ಅಂತಾದರೆ ಮದರ್‌ಬೋರ್ಡನ್ನು ಬೈಯುವ ಮುಂಚೆ ಮಲ್ಟಿಮೀಟರ್ ಹಿಡಿದು ಸಾಕೆಟ್ ಅಳೆಯಿರಿ. ಅಳೆಯುವಾಗ ಜೋಪಾನ. ಅಭ್ಯಾಸ ಇಲ್ಲದಿದ್ದರೆ ಸಾಕೆಟ್ಟಿಗೆ ಚುಚ್ಚಿ ವೋಲ್ಟೇಜ್ ತೋರಿಸುವ ಸಣ್ಣ ಮೀಟರ್ ಸಿಗುತ್ತದೆ, ಅದು ಸಾಕು.

ಇನ್ವರ್ಟರ್ ಮೇಲೆ ಓಡಿಸುತ್ತಿದ್ದೀರಾ? ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಫ್ಯಾನು, ಲೈಟಿಗೆ ಸರಿ. ಈಗಿನ ಒಳ್ಳೆಯ ಪವರ್ ಸಪ್ಲೈಗಳಲ್ಲಿ ಆಕ್ಟಿವ್ ಪಿಎಫ್‌ಸಿ ಅನ್ನುವ ಸರ್ಕ್ಯೂಟ್ ಇರುತ್ತದೆ, ಅದಕ್ಕೆ ಆ ಚೌಕ ಅಲೆ ಸರಿಹೋಗುವುದಿಲ್ಲ. ಗುಂಯ್ ಅನ್ನುತ್ತದೆ, ಇಲ್ಲವೇ ಕರೆಂಟ್ ಹೋಗಿ ಬ್ಯಾಟರಿಗೆ ಬದಲಾದ ಕ್ಷಣವೇ ಆಫ್ ಆಗುತ್ತದೆ. ಪ್ಯೂರ್ ಸೈನ್ ವೇವ್ ಇದ್ದರೆ ಒಳ್ಳೆಯದು. ಸಾಮಾನ್ಯ 600 ವಿಎ ಯುಪಿಎಸ್ ಎಂದರೆ ಬಹುತೇಕ 360 ವ್ಯಾಟ್ ಅಷ್ಟೇ. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರ ಗೇಮ್ ಆಡುವಾಗ ಅದನ್ನು ಸುಲಭವಾಗಿ ಮೀರುತ್ತದೆ. ತೊಂದರೆ ಹುಡುಕುವಾಗ ಯುಪಿಎಸ್, ಸ್ಟೆಬಿಲೈಜರ್ ಎರಡನ್ನೂ ಪಕ್ಕಕ್ಕಿಟ್ಟು ನೇರ ಲೈನಿನಲ್ಲಿ ಒಮ್ಮೆ ನೋಡಿ. ಟಿವಿ, ಫ್ರಿಜ್ಜಿನ ರಿಲೇ ಸ್ಟೆಬಿಲೈಜರ್ ಟಕ್ ಅನ್ನುವಾಗ ಒಂದು ಕ್ಷಣ ಕರೆಂಟ್ ತಪ್ಪುತ್ತದೆ, ಕಂಪ್ಯೂಟರ್ ರೀಸ್ಟಾರ್ಟ್ ಆಗಲು ಅಷ್ಟು ಸಾಕು.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ ಅಂದರೆ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏಕೆಂದರೆ ಹಳೆಯ ತೋಟದ ಮನೆ, ಕಾರ್ಮಿಕರ ಲೈನ್ ಮನೆಗಳಲ್ಲಿ ಇದು ತುಂಬಾ ಕಾಣುತ್ತದೆ, ಜನ ಇದನ್ನು ಪವರ್ ಸಪ್ಲೈ ದೋಷ ಅಂದುಕೊಂಡು ವಾಪಸ್ ಕಳಿಸುತ್ತಾರೆ, ಹೊಸದು ಬಂದ ಮೇಲೂ ಅದೇ ಜುಮ್.

ಪವರ್ ಸಪ್ಲೈ ಒಳಗೆ ಕರೆಂಟ್ ಬರುವ ಬಾಗಿಲಲ್ಲೇ ಒಂದು ಫಿಲ್ಟರ್ ಇರುತ್ತದೆ. ಅದರಲ್ಲಿ ಎರಡು ಸಣ್ಣ ಕೆಪಾಸಿಟರ್‌ಗಳು. ಒಂದು ಫೇಸಿನಿಂದ ತಗಡಿಗೆ, ಇನ್ನೊಂದು ನ್ಯೂಟ್ರಲ್‌ನಿಂದ ತಗಡಿಗೆ. ಅರ್ಥಿಂಗ್ ಸರಿ ಇದ್ದರೆ ಆ ಚೂರು ಕರೆಂಟ್ ನೆಲಕ್ಕೆ ಹರಿದು ಹೋಗುತ್ತದೆ. ಅರ್ಥ್ ಇಲ್ಲದಿದ್ದರೆ ಅದಕ್ಕೆ ಹೋಗಲು ದಾರಿ ಇಲ್ಲ. ಆಗ ಇಡೀ ಕ್ಯಾಬಿನೆಟ್ 230ರ ಅರ್ಧ, ಅಂದರೆ ಸುಮಾರು 115 ವೋಲ್ಟಿನಲ್ಲಿ ನಿಲ್ಲುತ್ತದೆ. ಟೆಸ್ಟರ್ ಇಟ್ಟರೆ ಹೊತ್ತಿಕೊಳ್ಳುತ್ತದೆ. ಕರೆಂಟ್ ಪ್ರಮಾಣ ತೀರಾ ಕಡಿಮೆಯಾದ್ದರಿಂದ ಬರೀ ಜುಮ್ ಅನ್ನುತ್ತದೆ, ಆದರೆ ಅದೇ ಸ್ಥಿತಿಯಲ್ಲಿ ಡಿಶ್ ಕೇಬಲ್ ಚುಚ್ಚಿರುವ ಟಿವಿಗೋ ಬೇರೆ ಕಡೆ ಅರ್ಥ್ ಆಗಿರುವ ಮಾನಿಟರಿಗೋ ಎಚ್‌ಡಿಎಂಐ ವೈರ್ ಚುಚ್ಚಿದರೆ ಆ ಪೋರ್ಟ್ ಸುಟ್ಟುಹೋಗಬಹುದು, ಜೊತೆಗೆ ಗ್ರಾಫಿಕ್ಸ್ ಕಾರ್ಡೂ.

ಹಳೆಯ ವೈರಿಂಗಿನಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಮೇಲಿನ ದೊಡ್ಡ ತೂತಿಗೆ ಹಿಂದೆ ವೈರೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆದು ಅಳೆಸಿ. ಫೇಸ್ ಮತ್ತು ಅರ್ಥ್ ನಡುವೆ ಹೆಚ್ಚುಕಡಿಮೆ 230 ಬರಬೇಕು, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಕೆಲವೇ ವೋಲ್ಟ್ ಇರಬೇಕು. ಅರ್ಥ್ ಗುಂಡಿ ಇದ್ದೂ ಸರಿ ಬರುತ್ತಿಲ್ಲವಾದರೆ ಬೇಸಿಗೆಯಲ್ಲಿ ಗುಂಡಿ ಒಣಗಿರುತ್ತದೆ. ಒಂದೆರಡು ಕೊಡ ನೀರು ಸುರಿದು ಮತ್ತೆ ಅಳೆಯಿರಿ. ಗುಂಡಿಯೇ ಇಲ್ಲವಾದರೆ ಉಪ್ಪು, ಇದ್ದಿಲು ಹಾಕಿ ಹೊಸದು ಮಾಡಿಸಬೇಕು, ಬೇರೆ ದಾರಿ ಇಲ್ಲ.

ಬೇರೆ ದಾರಿ ಇದೆ ಅಂತ ಕೆಲವರು ಹೇಳುತ್ತಾರೆ. ಸಾಕೆಟ್ ಒಳಗೆ ನ್ಯೂಟ್ರಲ್‌ನಿಂದ ಒಂದು ತುಂಡು ವೈರ್ ಎಳೆದು ಅರ್ಥ್ ಪಿನ್ನಿಗೆ ಕಟ್ಟಿಬಿಡುತ್ತಾರೆ. ಜುಮ್ ಅನ್ನುವುದು ನಿಲ್ಲುತ್ತದೆ, ನಿಜ. ಆದರೆ ಮಳೆಗಾಲದಲ್ಲಿ ಮರದ ಕೊಂಬೆ ಬಿದ್ದು ನ್ಯೂಟ್ರಲ್ ತಂತಿ ಕಿತ್ತುಹೋದರೆ ಇಡೀ 230 ವೋಲ್ಟ್ ಕ್ಯಾಬಿನೆಟ್ ಮೈಗೆ ಬರುತ್ತದೆ. ಇದು ಜೀವಕ್ಕೆ ಅಪಾಯ. ದಯವಿಟ್ಟು ಇದನ್ನು ಮಾಡಬೇಡಿ, ಮಾಡಿಸಿಕೊಳ್ಳಬೇಡಿ.

ಬಟನ್ ಒತ್ತಿದರೆ ಏನೂ ಇಲ್ಲ

ಕರೆಂಟ್ ಸರಿ ಇದೆ ಅಂತಾಯಿತು. ಬಟನ್ ಒತ್ತಿದರೆ ಫ್ಯಾನ್ ಸಹ ತಿರುಗುತ್ತಿಲ್ಲ. ಮದರ್‌ಬೋರ್ಡಿಗೆ ಹೋಗುವ ದೊಡ್ಡ 24 ಪಿನ್ ಕನೆಕ್ಟರ್ ನೋಡಿ. ಹೊಸ ಬೋರ್ಡಿನಲ್ಲಿ ಅದು ತುಂಬಾ ಬಿಗಿ. ಕೂತಂತೆ ಕಾಣುತ್ತದೆ, ಕೂತಿರುವುದಿಲ್ಲ. ಬೋರ್ಡಿನ ಹಿಂಬದಿಗೆ ಕೈ ಆಸರೆ ಕೊಟ್ಟು, ಲಾಕ್ ಕ್ಲಿಕ್ ಅನ್ನುವ ತನಕ ಒತ್ತಿ. ವೈರ್ ಬಿಚ್ಚಿ ತೆಗೆಯಬಹುದಾದ ಪವರ್ ಸಪ್ಲೈ ಆದರೆ ಆ ಕಡೆಯ ತುದಿಯನ್ನೂ ಒತ್ತಿ ನೋಡಿ. ಒಂದು ಕಂಪನಿಯ ಪವರ್ ಸಪ್ಲೈಗೆ ಇನ್ನೊಂದರ ವೈರ್ ಯಾವತ್ತೂ ಹಾಕಬೇಡಿ. ತೂತು ಸರಿಹೊಂದಿದರೂ ಒಳಗಿನ ವೈರಿನ ಕ್ರಮ ಬೇರೆ ಇರುತ್ತದೆ, ಎಸ್ಎಸ್‌ಡಿ, ಬೋರ್ಡು ಸುಟ್ಟುಹೋಗುತ್ತವೆ.

ಆಮೇಲೆ ಮುಂದಿನ ಬಟನ್ನಿನ ವೈರ್. ಬೋರ್ಡಿನ ಕೆಳ ಮೂಲೆಯಲ್ಲಿ ಸಣ್ಣ ಪಿನ್ನುಗಳ ಗುಂಪಿದೆ. ಅಲ್ಲಿ ಪವರ್ ಸ್ವಿಚ್ಚಿನ ಎರಡು ಪಿನ್ ಯಾವುವು ಅಂತ ಮ್ಯಾನುಯಲ್ ನೋಡಿ. ಪವರ್ ಸ್ವಿಚ್ ವೈರನ್ನು ತಿರುಗಿಸಿ ಹಾಕಿದರೂ ನಡೆಯುತ್ತದೆ, ಲೈಟಿನ ವೈರ್ ಮಾತ್ರ ಪ್ಲಸ್ ಮೈನಸ್ ನೋಡಿ ಹಾಕಬೇಕು. ಅನುಮಾನ ಇದ್ದರೆ ಆ ವೈರನ್ನೇ ಕಿತ್ತು, ಸ್ಕ್ರೂಡ್ರೈವರ್ ತುದಿಯಿಂದ ಆ ಎರಡು ಪಿನ್ ಒಂದು ಕ್ಷಣ ಮುಟ್ಟಿಸಿ. ಎದ್ದರೆ ಕ್ಯಾಬಿನೆಟ್ ಬಟನ್ ಕೆಟ್ಟಿದೆ. ರೀಸೆಟ್ ಬಟನ್ ವೈರನ್ನು ಅಲ್ಲಿಗೆ ಹಾಕಿಕೊಂಡು ಆರಾಮಾಗಿ ಇರಿ.

ಅದಕ್ಕೂ ಏಳದಿದ್ದರೆ ಪವರ್ ಸಪ್ಲೈ ಒಂದನ್ನೇ ಪರೀಕ್ಷೆ ಮಾಡಬಹುದು. ಪ್ಲಗ್ ತೆಗೆದು, ಎಲ್ಲ ವೈರ್ ಬೋರ್ಡಿನಿಂದ ಬಿಡಿಸಿ. 24 ಪಿನ್ನಿನಲ್ಲಿ 16ನೇ ಪಿನ್ ಮತ್ತು ಪಕ್ಕದ 17ನೇ ಪಿನ್ ಯಾವುದೆಂದು ಚಿತ್ರ ನೋಡಿ ಖಾತ್ರಿ ಮಾಡಿಕೊಳ್ಳಿ. ವೈರಿಗೆ ಬಣ್ಣ ಇದ್ದರೆ ಹಸಿರು ಮತ್ತು ಕಪ್ಪು. ಪೇಪರ್ ಕ್ಲಿಪ್ ಬಗ್ಗಿಸಿ ಎರಡಕ್ಕೂ ಸೇರುವಂತೆ ತೂರಿಸಿ, ಆಮೇಲೆ ಪ್ಲಗ್ ಹಾಕಿ, ಹಿಂದಿನ ಸ್ವಿಚ್ ಆನ್ ಮಾಡಿ. ಕೆಲವು ಪವರ್ ಸಪ್ಲೈಗಳ ಫ್ಯಾನ್ ಬಿಸಿಯಾಗುವ ತನಕ ತಿರುಗುವುದೇ ಇಲ್ಲ, ಅದಕ್ಕೇ ಒಂದು ಕ್ಯಾಬಿನೆಟ್ ಫ್ಯಾನ್ ಅದಕ್ಕೆ ಜೋಡಿಸಿ ಅದು ತಿರುಗುತ್ತದಾ ನೋಡಿ. ತಿರುಗದಿದ್ದರೆ ಪವರ್ ಸಪ್ಲೈ ಸತ್ತಿದೆ. ತಿರುಗಿದರೆ ಪೂರ್ತಿ ಆರೋಗ್ಯವಾಗಿದೆ ಅಂತಲ್ಲ, ಸತ್ತಿಲ್ಲ ಅಂತ ಮಾತ್ರ. ಪವರ್ ಸಪ್ಲೈ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ.

ಇನ್ನೊಂದು ಕಾರಣ, ಸ್ಟ್ಯಾಂಡ್‌ಆಫ್, ಅಂದರೆ ಬೋರ್ಡನ್ನು ಕ್ಯಾಬಿನೆಟ್ ತಗಡಿಗೆ ತಾಗದಂತೆ ಎತ್ತಿ ಹಿಡಿಯುವ ಸಣ್ಣ ಹಿತ್ತಾಳೆ ಕಂಬ. ಬೋರ್ಡಿನಲ್ಲಿ ತೂತಿಲ್ಲದ ಜಾಗದಲ್ಲಿ ಒಂದು ಸ್ಟ್ಯಾಂಡ್‌ಆಫ್ ಎದ್ದು ನಿಂತಿದ್ದರೆ ಅದು ಹಿಂಬದಿಗೆ ತಾಗಿ ಶಾರ್ಟ್ ಆಗುತ್ತದೆ. ಬಟನ್ ಒತ್ತಿದಾಗ ಫ್ಯಾನ್ ಒಂದು ಸುತ್ತು ತಿರುಗಿ ನಿಂತರೆ ಮೊದಲು ಇದನ್ನೂ, ಎಲ್ಲೋ ಉದುರಿದ ಸ್ಕ್ರೂವನ್ನೂ ಹುಡುಕಿ.

ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಕಪ್ಪು

ಅತಿ ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲೇ. ಮಾನಿಟರ್ ವೈರ್ ಎಲ್ಲಿಗೆ ಹಾಕಿದ್ದೀರಿ? ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದರ ಪೋರ್ಟಿಗೆ ಹಾಕಬೇಕು, ಮೇಲಿನ ಮದರ್‌ಬೋರ್ಡ್ ಪೋರ್ಟಿಗಲ್ಲ. ಗ್ರಾಫಿಕ್ಸ್ ಕಾರ್ಡ್ ಇಲ್ಲವೇ ಇಲ್ಲ ಅಂದರೆ ನಿಮ್ಮ ಪ್ರೊಸೆಸರ್ ಹೆಸರಿನ ಕೊನೆಯ ಅಕ್ಷರ ನೋಡಿ. ಇಂಟೆಲ್‌ನಲ್ಲಿ ಕೊನೆಗೆ ಎಫ್ ಇದ್ದರೆ ಅದರಲ್ಲಿ ಚಿತ್ರ ತೋರಿಸುವ ಭಾಗವೇ ಇಲ್ಲ. ಎಎಂಡಿಯ ರೈಜನ್ 5600 ಅಥವಾ 5600ಎಕ್ಸ್‌ನಲ್ಲೂ ಇಲ್ಲ, 5600ಜಿಯಲ್ಲಿ ಇದೆ. ರೈಜನ್ 7600ರಲ್ಲಿ ಇದೆ, 7500ಎಫ್‌ನಲ್ಲಿ ಇಲ್ಲ. ಇಲ್ಲದಿದ್ದರೆ ಎಷ್ಟು ದಿನ ಕಾದರೂ ಸ್ಕ್ರೀನ್ ಬರುವುದಿಲ್ಲ, ಕಾರ್ಡ್ ಕೊಳ್ಳಲೇಬೇಕು.

ಪ್ರೊಸೆಸರ್‌ಗೆ ಬೇರೆ ಕರೆಂಟ್ ಬೇಕು. ಬೋರ್ಡಿನ ಮೇಲಿನ ಎಡ ಮೂಲೆಯಲ್ಲಿ 8 ಪಿನ್ ಜಾಗ, ಕೂಲರ್ ಹಿಂದೆ ಅಡಗಿರುತ್ತದೆ. ಅದನ್ನು ಹಾಕದಿದ್ದರೂ ಫ್ಯಾನ್, ಲೈಟ್ ಎಲ್ಲಾ ಓಡುತ್ತವೆ, ಆದರೆ ಪ್ರೊಸೆಸರ್ ಏಳುವುದಿಲ್ಲ. ಅಲ್ಲಿಗೆ ಹೋಗುವ ವೈರ್ 4 ಮತ್ತು 4 ಆಗಿ ಬೇರೆಯಾಗುತ್ತದೆ. 6 ಮತ್ತು 2 ಆಗಿ ಬೇರೆಯಾಗುವುದು ಗ್ರಾಫಿಕ್ಸ್ ಕಾರ್ಡಿನದು. ಇದನ್ನು ಅಲ್ಲಿಗೆ ಬಲವಂತವಾಗಿ ತುರುಕಬೇಡಿ. ಬೋರ್ಡಿನಲ್ಲಿ ಎರಡು 8 ಪಿನ್ ಜಾಗ ಇದ್ದು ನಿಮ್ಮಲ್ಲಿ ಒಂದೇ ವೈರ್ ಇದ್ದರೆ ಸಾಮಾನ್ಯ ಪ್ರೊಸೆಸರ್‌ಗೆ ಒಂದೇ ಸಾಕು.

ರ‍್ಯಾಮ್. ಹೊಸಬರು ರ‍್ಯಾಮ್ ಒತ್ತಲು ಹೆದರುತ್ತಾರೆ. ಈಗಿನ ಬೋರ್ಡುಗಳಲ್ಲಿ ಎಷ್ಟೋ ಕಡೆ ಲಾಕ್ ಒಂದೇ ಪಕ್ಕ ಇರುತ್ತದೆ, ಲಾಕ್ ಇಲ್ಲದ ಪಕ್ಕ ಅರ್ಧ ಮೇಲೆದ್ದಿರುತ್ತದೆ. ಎರಡೂ ತುದಿ ಗಟ್ಟಿಯಾಗಿ ಒತ್ತಿ. ಎರಡು ಸ್ಟಿಕ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಿ. ಬೋರ್ಡಿನ ಮೇಲೆ ಅವನ್ನು ಎ2, ಬಿ2 ಅಂತ ಬರೆದಿರುತ್ತಾರೆ. ತೊಂದರೆ ಹುಡುಕುವಾಗ ಒಂದೇ ಸ್ಟಿಕ್ ಎ2ಗೆ ಹಾಕಿ ನೋಡಿ, ಆಮೇಲೆ ಅದನ್ನು ತೆಗೆದು ಇನ್ನೊಂದನ್ನು ಅಲ್ಲೇ ಹಾಕಿ ನೋಡಿ.

ಇದೆಲ್ಲಾ ಸರಿ ಇದ್ದೂ ಹೊಸ ತಲೆಮಾರಿನ ಡಿಡಿಆರ್5 ರ‍್ಯಾಮ್ ಹಾಕುವ ಬೋರ್ಡ್, ಅದರಲ್ಲೂ ಎಎಂ5, ಮೊದಲ ಸಲ ಕಪ್ಪು ಸ್ಕ್ರೀನ್ ಇಟ್ಟುಕೊಂಡೇ ಕೂರುತ್ತದೆ. ಅದು ರ‍್ಯಾಮನ್ನು ಪರೀಕ್ಷಿಸಿ ಹೊಂದಿಸಿಕೊಳ್ಳುತ್ತಿರುತ್ತದೆ. ಮೆಮೊರಿ ಟ್ರೈನಿಂಗ್ ಅನ್ನುತ್ತಾರೆ. ಕೆಲವು ನಿಮಿಷ ಬೇಕು, ರ‍್ಯಾಮ್ ಜಾಸ್ತಿ ಇದ್ದರೆ ಇನ್ನೂ ಜಾಸ್ತಿ. ಹದಿನೈದು ನಿಮಿಷ ಬಿಟ್ಟುಬಿಡಿ, ಹೋಗಿ ಕಾಫಿ ಕುಡಿದು ಬನ್ನಿ. ಮಧ್ಯೆ ನೀವೇ ಬಟನ್ ಒತ್ತಿ ಆಫ್ ಮಾಡಿದರೆ, ಅಥವಾ ಕರೆಂಟ್ ಹೋದರೆ, ಮತ್ತೆ ಮೊದಲಿಂದ ಶುರುವಾಗುತ್ತದೆ. ಕಕ್ಕಡ ತಿಂಗಳ ಮಳೆಯಲ್ಲಿ ದಿನಕ್ಕೆ ಹತ್ತು ಸಲ ಲೈನ್ ಹೋಗುವ ಊರಿನಲ್ಲಿ ಮೊದಲ ಬೂಟಿಗೆ ಸ್ವಲ್ಪ ಸಮಯ ನೋಡಿಕೊಂಡು ಕೂರಬೇಕಾಗುತ್ತದೆ.

ಕಾದ ಮೇಲೂ ಬರದಿದ್ದರೆ ಬೋರ್ಡಿನ ಅಂಚಿನಲ್ಲಿ ನಾಲ್ಕು ಸಣ್ಣ ಲೈಟ್ ಇದೆಯಾ ನೋಡಿ. ಸಿಪಿಯು, ಡಿ-ರ‍್ಯಾಮ್, ವಿಜಿಎ, ಬೂಟ್ ಅಂತ ಪಕ್ಕದಲ್ಲಿ ಬರೆದಿರುತ್ತದೆ, ಅಂದರೆ ಕ್ರಮವಾಗಿ ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ವಿಂಡೋಸ್ ಇರುವ ಡ್ರೈವ್. ಅವು ಒಂದಾದ ಮೇಲೊಂದು ಹೊತ್ತಿ ಆರುತ್ತವೆ. ಯಾವುದು ಹೊತ್ತಿಕೊಂಡೇ ನಿಂತಿತೋ ತೊಂದರೆ ಅಲ್ಲಿದೆ. ಹೊಸಬರಿಗೆ ಇದಕ್ಕಿಂತ ಉಪಕಾರಿ ವಸ್ತು ಬೋರ್ಡಿನ ಮೇಲೆ ಇನ್ನೊಂದಿಲ್ಲ. ಬೋರ್ಡ್ ಕೊಳ್ಳುವಾಗ ಬಣ್ಣದ ಲೈಟ್ ಇದೆಯಾ ಅಂತ ನೋಡುವುದಕ್ಕಿಂತ ಈ ನಾಲ್ಕು ಲೈಟ್ ಇದೆಯಾ ಅಂತ ನೋಡಿ. ಬಣ್ಣದ ಲೈಟಿನ ಮಾತು ಬಂತಲ್ಲ, ಮೂರು ಪಿನ್ನಿನ 5 ವೋಲ್ಟ್ ಲೈಟನ್ನು ನಾಲ್ಕು ಪಿನ್ನಿನ 12 ವೋಲ್ಟ್ ಜಾಗಕ್ಕೆ ಹೇಗಾದರೂ ಮಾಡಿ ಹಾಕಿದರೆ ಲೈಟ್ ಸುಡುತ್ತದೆ. ಕಂಪ್ಯೂಟರ್ ಏಳುವ ತನಕ ಅದರ ವೈರುಗಳನ್ನೆಲ್ಲಾ ಬದಿಗಿಟ್ಟಿರಿ.

ಸಿಪಿಯು ಲೈಟ್ ಹೊತ್ತಿಕೊಂಡೇ ನಿಂತರೆ ಎರಡು ಅನುಮಾನ. ಒಂದು, ಬೋರ್ಡಿನ ಬಯೋಸ್ (ಯಂತ್ರವನ್ನು ಎಬ್ಬಿಸಲು ಬೋರ್ಡಿನೊಳಗೇ ಇರುವ ಸಾಫ್ಟ್‌ವೇರ್) ಹಳೆಯದು, ನಿಮ್ಮ ಪ್ರೊಸೆಸರ್ ಅದಕ್ಕೆ ಗೊತ್ತಿಲ್ಲ. ಬಿ450 ಬೋರ್ಡಿಗೆ ರೈಜನ್ 5000, ಬಿ660ಗೆ ಹದಿಮೂರು ಅಥವಾ ಹದಿನಾಲ್ಕನೇ ತಲೆಮಾರಿನ ಇಂಟೆಲ್, ಬಿ650ಗೆ ರೈಜನ್ 9000 ಹಾಕಿದಾಗ, ಬೋರ್ಡ್ ಅಂಗಡಿಯಲ್ಲಿ ಬಹಳ ದಿನ ಕೂತ ಹಳೆಯ ಮಾಲಾಗಿದ್ದರೆ ಹೀಗಾಗುತ್ತದೆ. ಬೋರ್ಡಿನ ಹಿಂದಿನ ಪೋರ್ಟುಗಳ ಬಳಿ ಬಯೋಸ್ ಫ್ಲ್ಯಾಶ್ ಬಟನ್ ಇದ್ದರೆ ಬೇರೆ ಪ್ರೊಸೆಸರ್ ಬೇಕಾಗಿಲ್ಲ. ಪೆನ್‌ಡ್ರೈವನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಕಂಪನಿಯ ಸೈಟಿನಿಂದ ಫೈಲ್ ಇಳಿಸಿ, ಮ್ಯಾನುಯಲ್ ಹೇಳಿದ ಹೆಸರು ಕೊಟ್ಟು, ಗುರುತು ಹಾಕಿದ ಯುಎಸ್‌ಬಿ ಪೋರ್ಟಿಗೇ ಹಾಕಿ ಬಟನ್ ಒತ್ತಿ ಹಿಡಿಯಿರಿ. ಲೈಟ್ ಮಿನುಗುವುದು ನಿಲ್ಲುವ ತನಕ ಮುಟ್ಟಬೇಡಿ. ಆಕಾಶ ಗುಡುಗುತ್ತಿರುವಾಗ ಈ ಕೆಲಸಕ್ಕೆ ಕೈ ಹಾಕಬೇಡಿ, ಅಷ್ಟೇ.

ಎರಡು, ಪಿನ್ ಬಾಗಿರುವುದು. ಎಎಂಡಿಯ ಹಳೆಯ ಎಎಂ4ರಲ್ಲಿ ಪಿನ್ ಪ್ರೊಸೆಸರ್ ಕೆಳಗಿದೆ, ಎಎಂ5 ಮತ್ತು ಈಗಿನ ಇಂಟೆಲ್‌ನಲ್ಲಿ ಬೋರ್ಡಿನ ಸಾಕೆಟ್ ಒಳಗಿದೆ. ಟಾರ್ಚ್ ಹಿಡಿದು ಓರೆಯಾಗಿ ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ, ಸಾಲು ತಪ್ಪಿದ ಪಿನ್ ಕಾಣುತ್ತದೆ. ಎಎಂ4 ಪಿನ್ನನ್ನು ಬ್ಲೇಡ್ ಅಂಚಿನಿಂದ ನಿಧಾನ ನೇರ ಮಾಡಬಹುದು. ಸಾಕೆಟ್ ಒಳಗಿನದಕ್ಕೆ ಕೈ ಹಾಕುವುದು ಎಲ್ಲರ ಕೆಲಸವಲ್ಲ. ಇನ್ನು ಎಎಂ4ರ ಕೂಲರ್ ಎತ್ತುವಾಗ ನೇರ ಕೀಳಬೇಡಿ. ಚಳಿಯಲ್ಲಿ ಇವೆರಡರ ನಡುವೆ ಹಚ್ಚಿದ ಪೇಸ್ಟ್ ಗಟ್ಟಿಯಾಗಿ ಪ್ರೊಸೆಸರೂ ಅದರ ಜೊತೆ ಸಾಕೆಟ್ಟಿನಿಂದ ಕಿತ್ತು ಬರುತ್ತದೆ. ಹೇರ್ ಡ್ರೈಯರ್‌ನಿಂದ ಸ್ವಲ್ಪ ಬಿಸಿ ಮಾಡಿ, ಎಡಕ್ಕೆ ಬಲಕ್ಕೆ ತಿರುಗಿಸಿ ಸಡಿಲಿಸಿ, ಆಮೇಲೆ ಎತ್ತಿ.

ಡಿ-ರ‍್ಯಾಮ್ ಲೈಟ್ ನಿಂತರೆ ರ‍್ಯಾಮ್ ಜೊತೆಗೆ ಕೂಲರನ್ನೂ ಅನುಮಾನಿಸಿ. ಕೂಲರ್ ಸ್ಕ್ರೂ ಒಂದು ಪಕ್ಕ ಅತಿ ಬಿಗಿಯಾದರೆ ಪ್ರೊಸೆಸರ್ ಓರೆಯಾಗಿ ಒತ್ತಿಕೊಂಡು ಒಂದು ಕಡೆಯ ರ‍್ಯಾಮ್ ಕಾಣದೇ ಹೋಗುತ್ತದೆ. ಅಡ್ಡಕ್ಕೆ ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು. ವಿಜಿಎ ಲೈಟ್ ಎಂದರೆ ಕಾರ್ಡನ್ನು ತೆಗೆದು ಮತ್ತೆ ಕೂರಿಸಿ, ಅದರ ಪವರ್ ವೈರ್ ನೋಡಿ.

ಇಷ್ಟೂ ಮಾಡಿ ಸೋತಿರಾ? ಪ್ಲಗ್ ಕಿತ್ತು, ಬೋರ್ಡಿನ ಮೇಲಿನ ಸಿಆರ್2032 ಸೆಲ್ ತೆಗೆದು, ಹತ್ತು ನಿಮಿಷ ಬಿಟ್ಟು ಹಾಕಿ. ಬಯೋಸ್ ಸೆಟ್ಟಿಂಗ್ ಎಲ್ಲಾ ಅಳಿಸಿ ಹೋಗುತ್ತದೆ. ಅದಕ್ಕೂ ಬಗ್ಗದಿದ್ದರೆ ಬೋರ್ಡನ್ನು ಕ್ಯಾಬಿನೆಟ್‌ನಿಂದ ಹೊರಗೆ ತೆಗೆದು ಅದು ಬಂದ ರಟ್ಟಿನ ಡಬ್ಬದ ಮೇಲೆ ಇಡಿ. ಒಣ ಡಬ್ಬ ಇರಲಿ, ಮಳೆಗಾಲದಲ್ಲಿ ಮೂಲೆಯಲ್ಲಿಟ್ಟ ರಟ್ಟು ಒದ್ದೆಯಾಗಿರುತ್ತದೆ. ಪ್ರೊಸೆಸರ್, ಕೂಲರ್, ಒಂದು ರ‍್ಯಾಮ್, ಎರಡು ಪವರ್ ವೈರ್, ಬೇಕಾದರೆ ಮಾತ್ರ ಗ್ರಾಫಿಕ್ಸ್ ಕಾರ್ಡ್. ಎಸ್ಎಸ್‌ಡಿ ಬೇಡ, ಕೀಬೋರ್ಡ್ ಬೇಡ, ಏನೂ ಬೇಡ. ಸ್ಕ್ರೂಡ್ರೈವರ್‌ನಿಂದ ಆನ್ ಮಾಡಿ. ಹೊರಗೆ ಎದ್ದರೆ ಕ್ಯಾಬಿನೆಟ್ ಒಳಗೆ ಶಾರ್ಟ್ ಇತ್ತು ಅಂತ. ಹೊರಗೂ ಏಳದಿದ್ದರೆ ಉಳಿದಿರುವುದು ಬೋರ್ಡ್, ಪ್ರೊಸೆಸರ್, ರ‍್ಯಾಮ್, ಪವರ್ ಸಪ್ಲೈ, ಹಾಕಿದ್ದರೆ ಗ್ರಾಫಿಕ್ಸ್ ಕಾರ್ಡ್, ಇಷ್ಟೇ, ಮತ್ತು ಇವುಗಳಲ್ಲಿ ಪ್ರೊಸೆಸರ್ ಹೊಸದರಲ್ಲೇ ಕೆಟ್ಟಿರುವುದು ಅಪರೂಪ.

ಸ್ಕ್ರೀನ್ ಬಂತು, ವಿಂಡೋಸ್ ಬರುತ್ತಿಲ್ಲ

ಬಯೋಸ್ ಕಾಣಿಸಿದರೆ ಅರ್ಧ ಗೆದ್ದಂತೆ. ಅಲ್ಲಿ ಮೊದಲು ಪ್ರೊಸೆಸರ್ ಶಾಖ ನೋಡಿ. ಏನೂ ಕೆಲಸ ಇಲ್ಲದೆಯೇ 80, 90 ಡಿಗ್ರಿಗೆ ಏರುತ್ತಾ ಹೋದರೆ ತಕ್ಷಣ ಆಫ್ ಮಾಡಿ. ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ಕಿತ್ತಿರುವುದಿಲ್ಲ, ಅಥವಾ ಕೂಲರ್ ಸರಿಯಾಗಿ ಕೂತಿರುವುದಿಲ್ಲ.

ವಿಂಡೋಸ್ 11 ಹಾಕುವಾಗ ಡ್ರೈವ್ ಕಾಣುತ್ತಿಲ್ಲ ಅಂದರೆ ಮತ್ತು ಬಯೋಸ್‌ನಲ್ಲಿ ಅದು ಕಾಣುತ್ತಿದೆ ಅಂದರೆ, ಇಂಟೆಲ್ ಬೋರ್ಡಿನಲ್ಲಿ ವಿಎಂಡಿ ಅನ್ನುವ ಸೆಟ್ಟಿಂಗ್ ಆಫ್ ಮಾಡಿ. ಈ ಕಂಪ್ಯೂಟರಿಗೆ ಆಗುವುದಿಲ್ಲ ಅಂತ ಹೇಳಿದರೆ ಬಯೋಸ್‌ನಲ್ಲಿ ಟಿಪಿಎಂ ಅನ್ನುವ ಭದ್ರತೆಯ ಸೆಟ್ಟಿಂಗ್ ಆನ್ ಮಾಡಿ. ಇಂಟೆಲ್‌ನಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ.

ಇನ್‌ಸ್ಟಾಲ್ ಮಧ್ಯೆ ಇಂಟರ್ನೆಟ್ ಕೇಳುತ್ತದೆ, ಹೊಸ ಬೋರ್ಡಿನ ವೈಫೈ ಡ್ರೈವರ್ ಎಷ್ಟೋ ಸಲ ಅದರಲ್ಲಿ ಇರುವುದಿಲ್ಲ. ಫೋನನ್ನು ವೈರಿನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಸಾಮಾನ್ಯವಾಗಿ ಹಿಡಿದುಕೊಳ್ಳುತ್ತದೆ. ಆದರೆ ಫೋನಿಗೇ ಸಿಗ್ನಲ್ ಬೇಕಾದರೆ ಕಣದ ಆಚೆ ಮೂಲೆಗೆ ಹೋಗಿ ನಿಲ್ಲಬೇಕಾದ ಮನೆಗಳೂ ಇವೆಯಲ್ಲ. ಅಂಥವರು ಪೇಟೆಗೆ ಹೋದಾಗಲೇ ವಿಂಡೋಸ್ ಫೈಲ್, ಲ್ಯಾನ್ ಮತ್ತು ವೈಫೈ ಡ್ರೈವರ್, ಗ್ರಾಫಿಕ್ಸ್ ಡ್ರೈವರ್, ಹೊಸ ಬಯೋಸ್ ಎಲ್ಲವನ್ನೂ ಪೆನ್‌ಡ್ರೈವಿಗೆ ಇಳಿಸಿಕೊಂಡು ಬನ್ನಿ. ವಿಂಡೋಸ್ ಒಂದೇ 5 ಜಿಬಿಗಿಂತ ಜಾಸ್ತಿ.

ಓಡುತ್ತದೆ, ಆದರೆ ಮಧ್ಯೆ ಬೀಳುತ್ತದೆ

ನೀಲಿ ಸ್ಕ್ರೀನ್ ಬಂದು ಪ್ರತಿ ಸಲ ಬೇರೆ ಬೇರೆ ಹೆಸರು ಹೇಳಿದರೆ ರ‍್ಯಾಮ್ ಮೇಲೆ ಅನುಮಾನ. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಅನ್ನುವ ವೇಗದ ಸೆಟ್ಟಿಂಗ್ ಆಫ್ ಮಾಡಿ, ರ‍್ಯಾಮ್ ಮೂಲ ವೇಗಕ್ಕೆ ಇಳಿಯುತ್ತದೆ. ಆಗ ನೀಲಿ ಸ್ಕ್ರೀನ್ ಬರುವುದು ನಿಂತರೆ ಬಹುಶಃ ರ‍್ಯಾಮ್ ಕೆಟ್ಟಿಲ್ಲ, ಆ ವೇಗ ನಿಮ್ಮ ಬೋರ್ಡಿಗೋ ಪ್ರೊಸೆಸರ್‌ಗೋ ಒಗ್ಗುತ್ತಿಲ್ಲ. ಒಂದು ಹೆಜ್ಜೆ ಕಡಿಮೆ ವೇಗ ಇಡಿ. ಡಿಡಿಆರ್5ರಲ್ಲಿ ನಾಲ್ಕು ಸ್ಟಿಕ್ ಹಾಕಿ ಪೂರ್ತಿ ವೇಗ ಕೇಳುವುದು ದುರಾಸೆ. ಆಫ್ ಮಾಡಿದರೂ ಬೀಳುತ್ತಿದ್ದರೆ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವಿನಿಂದ ರಾತ್ರಿಯಿಡೀ ಓಡಿಸಿ. ಒಂದೇ ಒಂದು ತಪ್ಪು ತೋರಿಸಿದರೂ ಆ ಸ್ಟಿಕ್ ವಾಪಸ್.

ನೀಲಿ ಸ್ಕ್ರೀನ್ ಇಲ್ಲ, ಫಟ್ ಅಂತ ಆಫ್ ಆಗುತ್ತದೆ ಅಂದರೆ ಅದು ಕರೆಂಟ್ ಅಥವಾ ಶಾಖ. ವಿಂಡೋಸ್ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್ ಪವರ್ 41 ಅಂತ ಕೆಂಪಗೆ ಕಾಣುತ್ತದೆ, ಜನ ಅದನ್ನೇ ರೋಗ ಅಂದುಕೊಳ್ಳುತ್ತಾರೆ. ಅದು ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತು ಅಂತ ಮಾತ್ರ ಹೇಳುತ್ತದೆ, ಏಕೆ ಅಂತ ಹೇಳುವುದಿಲ್ಲ. ಶಾಖ ನೋಡಲು ಎಚ್‌ಡಬ್ಲ್ಯೂಇನ್ಫೋ ಅನ್ನುವ ಸಾಫ್ಟ್‌ವೇರ್ ಹಾಕಿಕೊಳ್ಳಿ. ರೈಜನ್ 7000 ಸರಣಿಯ ದೊಡ್ಡ ಪ್ರೊಸೆಸರ್‌ಗಳು ಪೂರ್ತಿ ಕೆಲಸದಲ್ಲಿ 95 ಡಿಗ್ರಿ ಮುಟ್ಟುವುದು ಕಂಪನಿಯೇ ಇಟ್ಟ ಲೆಕ್ಕ, ಹೆದರಬೇಡಿ. ಗೇಮ್ ಆಡುವಾಗ ಮಾತ್ರ ಬೀಳುತ್ತದೆ ಅಂದರೆ ಗ್ರಾಫಿಕ್ಸ್ ಕಾರ್ಡಿನ ಎರಡು 8 ಪಿನ್ನಿಗೆ ಒಂದೇ ವೈರಿನ ಎರಡು ಬಾಲ ಹಾಕಿದ್ದೀರಾ ನೋಡಿ, ಎರಡು ಬೇರೆ ವೈರ್ ಹಾಕಿ. ಸಂಜೆ ಮಾತ್ರ ಬೀಳುತ್ತದೆ ಅಂದರೆ ಮತ್ತೆ ಗೋಡೆ ಕಡೆ ಹೋಗಿ, ವೋಲ್ಟೇಜ್ ಅಳೆಯಿರಿ.

ಥಂಡಿ, ಸಿಡಿಲು, ಹಲ್ಲಿ

ರಾತ್ರಿ ಬಸ್ಸಿನಲ್ಲಿ ತಣ್ಣಗೆ ಬಂದ ಡಬ್ಬವನ್ನು ಬೆಚ್ಚಗಿನ ಮನೆಯೊಳಗೆ ತಂದ ತಕ್ಷಣ ಬಿಚ್ಚಬೇಡಿ. ತಣ್ಣನೆಯ ತಗಡಿನ ಮೇಲೆ ಗಾಳಿಯ ತೇವ ನೀರಾಗಿ ಕೂರುತ್ತದೆ. ಕೆಲವು ಗಂಟೆ ಮುಚ್ಚಿಯೇ ಇಡಿ. ಜೋಡಿಸಿದ ಮೇಲೆ ಹೊರಗೋಡೆಗೆ ತಾಗಿಸಿ ನೆಲದ ಮೇಲೆ ಇಡಬೇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಳಸದಿದ್ದರೂ ದಿನಾ ಸ್ವಲ್ಪ ಹೊತ್ತು ಓಡಿಸಿ, ಒಳಗಿನ ಬಿಸಿಗೆ ತೇವ ಆರುತ್ತದೆ. ಏಪ್ರಿಲ್, ಮೇ ಸಿಡಿಲಿಗೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳಬೇಕು, ಹೊರಗಿನಿಂದ ಬರುವ ಲ್ಯಾನ್ ವೈರನ್ನೂ ಕೀಳಬೇಕು. ಹಿಂದಿನ ಖಾಲಿ ಸ್ಲಾಟುಗಳ ತಗಡು ಮುಚ್ಚಿರಲಿ, ಬೆಚ್ಚಗಿನ ಜಾಗ ಹುಡುಕಿಕೊಂಡು ಹಲ್ಲಿ, ಇರುವೆ ಅಲ್ಲಿಂದಲೇ ಒಳಗೆ ಹೋಗುತ್ತವೆ.

ನಿಜವಾಗಿಯೂ ಒಂದು ಭಾಗ ಕೆಟ್ಟಿದೆ ಅಂತ ಖಾತ್ರಿಯಾದರೆ, ಕಳಿಸುವ ಮುಂಚೆ ಸೀರಿಯಲ್ ನಂಬರ್ ಕಾಣುವಂತೆ ಫೋಟೋ, ತೊಂದರೆ ಕಾಣುವಂತೆ ವಿಡಿಯೋ, ಜಿಎಸ್‌ಟಿ ಬಿಲ್ಲಿನ ಪ್ರತಿ ಇಟ್ಟುಕೊಳ್ಳಿ. ಮದರ್‌ಬೋರ್ಡ್ ಆದರೆ ಸಾಕೆಟ್ ಒಳಗಿನ ಪಿನ್ನಿನ ಫೋಟೋ ತಪ್ಪದೆ ತೆಗೆಯಿರಿ, ಸಾಕೆಟ್ ಮೇಲಿನ ಪ್ಲಾಸ್ಟಿಕ್ ಮುಚ್ಚಳ ವಾಪಸ್ ಹಾಕಿ. ಅದಿಲ್ಲದೆ ಹೋದರೆ ದಾರಿಯಲ್ಲಿ ಪಿನ್ ಬಾಗುತ್ತದೆ, ಬಾಗಿದ ಪಿನ್ನಿಗೆ ವಾರಂಟಿ ಇಲ್ಲ ಅನ್ನುತ್ತಾರೆ. ಬೋರ್ಡನ್ನು ಅದರ ಆ್ಯಂಟಿಸ್ಟ್ಯಾಟಿಕ್ ಕವರಿನಲ್ಲಿಟ್ಟು ಡಬ್ಬದೊಳಗೆ ಹಾಕಿ, ಡಬ್ಬವನ್ನು ಗೊಬ್ಬರದ ಚೀಲದ ಒಳಗಿನ ದಪ್ಪ ಪ್ಲಾಸ್ಟಿಕ್ಕಿನಿಂದ ಸುತ್ತಿ ಟೇಪ್ ಹಾಕಿ, ವಿಳಾಸವನ್ನು ನೀರಿಗೆ ಅಳಿಸದ ಮಾರ್ಕರ್‌ನಲ್ಲಿ ಬರೆದು, ಅದರ ಮೇಲೂ ಒಂದು ಸುತ್ತು ಪಾರದರ್ಶಕ ಟೇಪ್ ಅಂಟಿಸಿ.